ತುಟಿ ನೋಡಿ ಕೇಳುತ್ತಿದ್ದ ಮಗ್ಗದತ್ತೆ

ಆ ಚಿಕ್ಕ ಊರಿನ ಲೈಬ್ರರಿಯಲ್ಲಿ ಗ್ರಂಥಪಾಲಕರು ಕೂರುತ್ತಿದ್ದದ್ದು ಗಾಜಿನ ಗೋಡೆಯ ಆಚೆ. ಈಚೆ ಓದುವ ಕೋಣೆ. ಅದರ ಕೊನೆಯ ಬೆಂಚಿನಲ್ಲಿ ನಾನೂ ನನ್ನ ಅತ್ತೆಯೂ, ಎಂದರೆ ನನ್ನ ಅಪ್ಪನ ಅಕ್ಕ, ಹಕ್ಕಿಗಳ ಚಿತ್ರವಿದ್ದ ದಪ್ಪ ಪುಸ್ತಕವೊಂದನ್ನು ಹರಡಿಕೊಂಡು ಕೂತಿದ್ದೆವು. ನಮ್ಮ ಸುತ್ತ ಪತ್ರಿಕೆ ಓದುವ ಗಂಡಸರು, ಪರೀಕ್ಷೆಗೆ ಓದುವ ಹುಡುಗಿಯರು, ತೂಕಡಿಕೆಯನ್ನು ಓದು ಎಂದು ನಂಬಿಸಲು ಹೆಣಗುತ್ತಿದ್ದ ಒಬ್ಬ ಅಜ್ಜ. ಗ್ರಂಥಪಾಲಕರು ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತ ನಮ್ಮ ಕಡೆ ನೋಡಿದರು. ಗಾಜಿನಾಚೆಯ ಮಾತು ಒಂದಿಷ್ಟೂ ಇತ್ತ ಬರುತ್ತಿರಲಿಲ್ಲ. ಅಷ್ಟರಲ್ಲಿ ಅತ್ತೆ ತಲೆಯೆತ್ತಿ, ಇಡೀ ಕೋಣೆ ಬೆಚ್ಚಿಬೀಳುವ ಹಾಗೆ ಕೂಗಿದಳು:

“ಹಕ್ಕಿ ಚಿತ್ರ ನೋಡೋದೂ ಓದೇ ಸ್ವಾಮಿ! ಪುಟ ಹರಿಯಲ್ಲ, ಹೆದರಬೇಡಿ!”

ಅಜ್ಜನಿಗೆ ಎಚ್ಚರವಾಯಿತು. ಗ್ರಂಥಪಾಲಕರು ಫೋನನ್ನು ಹಾಗೇ ಮೇಜಿನ ಮೇಲಿಟ್ಟು ಹೊರಗೆ ಬಂದರು. ಮುಖ ಇಂಗು ತಿಂದ ಮಂಗನ ಹಾಗಾಗಿತ್ತು.

“ಅಮ್ಮಾ, ನಾನು ಒಳಗೆ ಹೇಳಿದ್ದು ನಿಮಗೆ ಹೇಗೆ ಕೇಳಿಸ್ತು?”

“ಕೇಳಿಸಲಿಲ್ಲ, ಕಾಣಿಸ್ತು,” ಎಂದಳು ಅತ್ತೆ. “ನಾನು ಕಿವುಡಿ.”

‘ಯಾರೋ ಇಬ್ಬರು ಬಂದು ಬರೀ ಚಿತ್ರ ನೋಡ್ತಾ ಕೂತಿದಾರೆ, ಪುಟ ಹರಿದ್ರೆ ಏನು ಗತಿ’ ಎಂದು ಅವರು ಹೇಳಿದ್ದು ನಿಜವಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಅವಮಾನವಾಯಿತೆಂದು ಹರಿಹಾಯುತ್ತಿದ್ದರೇನೋ. ಅವರು ನಕ್ಕುಬಿಟ್ಟರು. ನಕ್ಕು, ಒಳಗಿನ ಕಪಾಟಿನಿಂದ ಮೀನುಗಳ ಚಿತ್ರದ ಪುಸ್ತಕವನ್ನೂ ತಂದುಕೊಟ್ಟರು. ಆ ಮನುಷ್ಯನ ಹೊಟ್ಟೆ ತಣ್ಣಗಿರಲಿ.

ಅತ್ತೆ ಬಟ್ಟೆ ಗಿರಣಿಯ ನೇಯ್ಗೆ ಶೆಡ್ಡಿನಲ್ಲಿ ದುಡಿದವಳು. ಗಂಡ ಬೇಗ ತೀರಿಹೋದ ಮೇಲೆ ತಮ್ಮನ ಮನೆಗೆ, ಎಂದರೆ ನಮ್ಮ ಮನೆಗೆ ಬಂದಳಂತೆ. “ಯಾರ ಮನೇಲೂ ಬಿಟ್ಟಿ ಕೂಳು ತಿನ್ನೋಳಲ್ಲ ನಾನು” ಎಂದು ಕೆಲವೇ ದಿನಗಳಲ್ಲಿ ಗಿರಣಿಗೆ ಸೇರಿದಳು. ನಮ್ಮ ನೆಂಟರಲ್ಲಿ ಅತ್ತೆಯರಿಗೆ ಬರವಿಲ್ಲವಾದ್ದರಿಂದ ಇವಳಿಗೆ ಮಗ್ಗದತ್ತೆ ಎಂದು ಹೆಸರಾಯಿತು. ಆ ಶೆಡ್ಡಿನಲ್ಲಿ ಮಗ್ಗಗಳೆಲ್ಲ ಒಟ್ಟಿಗೆ ಓಡತೊಡಗಿದರೆ ಪಕ್ಕದಲ್ಲಿ ನಿಂತು ಕಿರುಚಿದರೂ ಕೇಳದು. ಹಾಗಾಗಿ ಅಲ್ಲಿನ ಹೆಂಗಸರು ದನಿಯನ್ನೇ ಕೈಬಿಟ್ಟಿದ್ದರು. ಬರೀ ತುಟಿಯಾಡಿಸುವುದು, ದೊಡ್ಡದಾಗಿ, ಸಾವಕಾಶವಾಗಿ, ಹುಬ್ಬನ್ನೂ ಕಣ್ಣನ್ನೂ ಜೊತೆಗೆ ಸೇರಿಸಿಕೊಂಡು. ಈ ಮೂಲೆಯವಳ ಮಗಳಿಗೆ ಹೆರಿಗೆಯಾದ ಸುದ್ದಿ ಆ ಮೂಲೆಗೆ, ಮಗ್ಗದಲ್ಲಿ ನೂಲೆಳೆದುಕೊಂಡು ಓಡುವ ಲಾಳಿಗಿಂತ ಬೇಗ ಹೋಗುತ್ತಿತ್ತು. ಮೇಸ್ತ್ರಿಗೆ ಆ ವಿದ್ಯೆ ಬಾರದು. ಅವನ ಮೀಸೆಯ ವಿಚಾರವನ್ನು ಅವನ ಎದುರಿಗೇ ಚರ್ಚಿಸುತ್ತಿದ್ದರಂತೆ, ಅವನೂ ಏನೋ ಒಳ್ಳೆಯ ಮಾತೆಂದು ತಲೆಯಾಡಿಸುತ್ತಿದ್ದನಂತೆ.

ಅಷ್ಟು ವರ್ಷದ ಸದ್ದು ಅತ್ತೆಯ ಕಿವಿಯನ್ನು ಸ್ವಲ್ಪ ಸ್ವಲ್ಪವಾಗಿ ತಿಂದುಹಾಕಿತು. ಗಿರಣಿ ಮುಚ್ಚುವ ಹೊತ್ತಿಗೆ ಅವಳಿಗೆ ಗುಡುಗು ಬಿಟ್ಟರೆ ಬೇರೇನೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅಮ್ಮ ಒಲೆಯ ಮುಂದೆ ನಿಂತು, ಬೆನ್ನು ಹಾಕಿಕೊಂಡೇ ಅವಳಿಗೆ ಏನಾದರೂ ಹೇಳುವುದು, ಆಮೇಲೆ “ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ನನ್ನ ಪಾಡು” ಎಂದು ಗೊಣಗುವುದು, ಇದು ನಮ್ಮ ಮನೆಯ ದಿನನಿತ್ಯದ ಸಂಗತಿ.

ಇನ್ನು ನನ್ನ ಸಮಾಚಾರ. ನನಗೆ ತೊದಲು. ಈಗ ಈ ಬರಹದಲ್ಲಿ ಇಷ್ಟುದ್ದ ಹರಟುತ್ತಿರುವುದನ್ನು ನೋಡಿ ನಂಬಲಿಕ್ಕಿಲ್ಲ ನೀವು. ಬಾಯಲ್ಲಿ ಉಳಿಸಿದ್ದನ್ನೆಲ್ಲ ಕೈಯಲ್ಲಿ ಖರ್ಚು ಮಾಡುತ್ತಿದ್ದೇನೆ ಎಂದುಕೊಳ್ಳಿ. ತುಟಿ ಮುಚ್ಚಿ ತೆರೆಯಬೇಕಾದ ಅಕ್ಷರ ಬಂತೆಂದರೆ, ಪ, ಬ, ಮ, ನನ್ನ ತುಟಿ ಮುಚ್ಚುವುದೇನೋ ಮುಚ್ಚುತ್ತಿತ್ತು, ತೆರೆಯುತ್ತಿರಲಿಲ್ಲ. ಶಾಲೆಯಲ್ಲಿ ಹಾಜರಿ ಕೂಗಿದಾಗ ‘ಪ್ರೆಸೆಂಟ್ ಮಿಸ್’ ಎನ್ನುವಷ್ಟರಲ್ಲಿ ಮಿಸ್ ಮುಂದಿನ ನಾಲ್ಕು ಹೆಸರು ದಾಟಿರುತ್ತಿದ್ದರು. ಕಣ್ಣೆದುರಿಗೆ ಕೂತಿದ್ದರೂ ನಾನು ಗೈರುಹಾಜರು. ಮಕ್ಕಳು ನನಗಿಟ್ಟ ಹೆಸರು ‘ಬ್ರೇಕ್’. ನೆಂಟರು ಬಂದರೆ “ಮಾತು ಬೆಳ್ಳಿ, ಮೌನ ಬಂಗಾರ ಬಿಡಮ್ಮ” ಎಂದು ಸಮಾಧಾನ ಹೇಳುತ್ತಿದ್ದರು. ಬಂಗಾರ ಎಷ್ಟಿದ್ದು ಏನು, ಬಸ್ಸಿನಲ್ಲಿ ನಡೆಯುವುದು ಚಿಲ್ಲರೆಯೇ ತಾನೆ! ನನಗೆ ಬಂಗಾರ ಬೇಡವಾಗಿತ್ತು. ಎಲ್ಲರ ಹಾಗೆ ದನಿ ತೆಗೆದು ನಾಲ್ಕು ಜನರ ಮುಂದೆ ಮಾತಾಡಬೇಕಿತ್ತು. ನನ್ನ ಬಾಳಿನ ಆಸೆಯೆಲ್ಲ ಆ ಒಂದರಲ್ಲಿ ಗಂಟು ಬಿದ್ದಿತ್ತು.

ಗಿರಣಿ ಮುಚ್ಚಿದ ಹೊಸದರಲ್ಲಿ, ಒಂದು ಸಂಜೆ, ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದಳು. ಒಲೆಯ ಮೇಲೆ ಹಾಲು ಉಕ್ಕಿ ಬರುತ್ತಿತ್ತು. ನಾನು ಗಾಬರಿಯಲ್ಲಿ ಅವಳತ್ತ ತಿರುಗಿ, ಕೂಗಿದರೂ ಕೇಳದಲ್ಲ ಎಂದು, ಬರೀ ತುಟಿಯಲ್ಲೇ ಹೇಳಿದೆ: ‘ಅತ್ತೆ, ಪಾತ್ರೆ ಇಳಿಸು, ಹಾಲು ಉಕ್ತಿದೆ!’

ಪ ಬಂದಿತ್ತು. ಸರಾಗವಾಗಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.

ಹಾಲು ಉಕ್ಕಿ ಒಲೆಯೆಲ್ಲ ತೊಯ್ದಿತು. ನಾವಿಬ್ಬರೂ ಎದ್ದೇಳಲಿಲ್ಲ. ದನಿ ಬಿಟ್ಟರೆ ನನ್ನ ತುಟಿಗೆ ಯಾವ ಅಡ್ಡಿಯೂ ಇಲ್ಲ ಎಂಬುದು ನನಗೆ ಆ ಕ್ಷಣ ಗೊತ್ತಾಯಿತು. ಅಂದು ಸಂಜೆ ನಾನು ಅತ್ತೆಗೆ ಇಡೀ ಶಾಲೆಯ ಕಥೆ ಹೇಳಿದೆ: ಮಿಸ್, ಹಾಜರಿ, ಬ್ರೇಕ್, ಎಲ್ಲ. ಹುಟ್ಟಿದಾಗಿನಿಂದ ಕೂಡಿಟ್ಟಿದ್ದ ಮಾತು. ಅತ್ತೆಯೂ ತುಟಿಯಲ್ಲೇ ಉತ್ತರ ಕೊಟ್ಟಳು. ಅಮ್ಮ ಬಂದು ನೋಡಿ ಹಣೆ ಚಚ್ಚಿಕೊಂಡಳು.

“ಹಾಲೆಲ್ಲ ಒಲೆ ಪಾಲು! ಇವರಿಬ್ಬರೂ ಮೀನಿನ ಹಾಗೆ ಬಾಯಿ ಬಿಟ್ಕೊಂಡು ಕೂತಿದಾರಲ್ರೀ!”

ಅಪ್ಪ ಬಾಗಿಲಿಗೆ ಒರಗಿ ನಿಂತು ನಗುತ್ತ, “ಇದಕ್ಕೆ ಬಾಯಿಲ್ಲ, ಅದಕ್ಕೆ ಕಿವಿಯಿಲ್ಲ. ಇಬ್ಬರನ್ನೂ ಸೇರಿಸಿದ್ರೆ ಪೂರ್ತಿ ಒಬ್ಬ ಮನುಷ್ಯ ಆಗ್ತಾನೆ ನೋಡು,” ಎಂದ. ತಮಾಷೆಗೆ ಅಂದದ್ದು. ಅತ್ತೆ ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮುಂದಿನ ರಜೆಯಿಂದಲೇ ನಮ್ಮ ತಿರುಗಾಟ ಶುರುವಾಯಿತು. ಮನೆಯಲ್ಲಿ ಕೂತರೆ ಕಾಲಿಗೆ ಜಂಗು ಹಿಡಿಯುತ್ತದೆ ಎನ್ನುವುದು ಅತ್ತೆಯ ಕಾರಣ. ಬೆಳಗಿನ ಬಸ್ಸು ಹತ್ತುವುದು, ಯಾವುದಾದರೂ ಚಿಕ್ಕ ಊರಿನಲ್ಲಿ ಇಳಿಯುವುದು. ಅವಳದೊಂದು ಕ್ರಮವಿತ್ತು: ಮೊದಲು ಆ ಊರಿನ ಲೈಬ್ರರಿ, ಆಮೇಲೆ ಆ ಊರಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದೋ ಅದು. ಕೋಟೆಯಿದ್ದರೆ ಕೋಟೆ, ಇಲ್ಲದಿದ್ದರೆ ಹಳೆಯ ಸೆರೆಮನೆ, ಮೆಟ್ಟಿಲ ಬಾವಿ, ಗಡಿಯಾರದ ಗೋಪುರ. ಒಂದು ಊರಿನಲ್ಲಂತೂ ಏನೂ ಸಿಗದೆ ಹಾಳುಬಿದ್ದ ಸೇತುವೆಯ ಒಂದೇ ಒಂದು ಕಂಬ ನೋಡಿಕೊಂಡು ಬಂದೆವು. “ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ? ಲೈಬ್ರರಿಗೆ ಬಂದೋಳು ಕಂಬಕ್ಕೂ ಬರಬೇಕು,” ಎಂದಳು.

ಲೈಬ್ರರಿ ಅವಳಿಗೆ ಯಾಕೆ ಅಷ್ಟು ಪ್ರೀತಿ ಎಂದು ಒಮ್ಮೆ ತುಟಿಯಲ್ಲೇ ಕೇಳಿದೆ. ಅವಳೇನು ದೊಡ್ಡ ಓದುಗಾರ್ತಿಯಲ್ಲ. ದಿನಪತ್ರಿಕೆಯ ದಪ್ಪಕ್ಷರ, ಚಿತ್ರದ ಪುಸ್ತಕ, ಅಲ್ಲಿಗೆ ಮುಗಿಯಿತು.

‘ಬೇರೆ ಎಲ್ಲಾದ್ರೂ ಹೋದ್ರೆ ನಾನೊಬ್ಬಳೇ ಕಿವುಡಿ,’ ಎಂದಳು ಸದ್ದಿಲ್ಲದೆ. ‘ಇಲ್ಲಿ ಎಲ್ಲರೂ ಕಿವುಡರೇ. ನೋಡು, ಒಬ್ಬರಾದ್ರೂ ಪಿಟ್ ಅಂತಾರಾ?’

ನಿಜ. ಮರದ ಉದ್ದನೆಯ ಮೇಜು, ಹಳೆಯ ಪುಸ್ತಕದ ಧೂಳು ಬೆರೆತ ಗಮ, ಮೂಲೆಯಲ್ಲಿ ಕುಂಟುತ್ತ ತಿರುಗುವ ಫ್ಯಾನು, ‘ಮೌನವಾಗಿರಿ’ ಎಂಬ ಬೋರ್ಡು. ಆ ಬೋರ್ಡಿನ ಕೆಳಗೇ ಕೂತು ನಾವಿಬ್ಬರೂ ಹೊಟ್ಟೆತುಂಬ ಮಾತಾಡುತ್ತಿದ್ದೆವು. ಯಾರೂ ಆಕ್ಷೇಪಣೆ ಮಾಡುವಂತಿರಲಿಲ್ಲ. ಎದುರು ಬೆಂಚಿನ ದಂಪತಿಗಳು ಗುಟ್ಟಾಗಿ ಜಗಳವಾಡುತ್ತಿದ್ದರೆ ಅತ್ತೆ ತುಟಿ ನೋಡಿ ನನಗೆ ಒಪ್ಪಿಸುತ್ತಿದ್ದಳು. ಮೀನಿನ ಪುಸ್ತಕ ಕೊಟ್ಟ ಗ್ರಂಥಪಾಲಕರು ನಾಲ್ಕಾರು ಭೇಟಿಯಲ್ಲಿ ತಾವೂ ಸ್ವಲ್ಪ ಕಲಿತರು. ನಾವು ಬಾಗಿಲಲ್ಲಿ ಕಂಡರೆ ಸಾಕು, ಗಾಜಿನಾಚೆಯಿಂದ ಬಾಯನ್ನು ಒಂದು ಮೊಳ ತೆರೆದು ‘ಹೊಸ ಪುಸ್ತಕ ಬಂದಿದೆ’ ಎಂದು ತುಟಿಯಾಡಿಸುತ್ತಿದ್ದರು. ಅವರ ಉಚ್ಚಾರಣೆ ಕೆಟ್ಟದಾಗಿದೆ ಎಂದು ಅತ್ತೆಯ ದೂರು.

ಜಗತ್ತಿನಲ್ಲಿ ನಾನು ಗೈರುಹಾಜರಲ್ಲದ ಜಾಗ ಇದ್ದದ್ದು ಅಂಥ ಕೋಣೆಗಳಲ್ಲಿ. ಅವುಗಳ ಋಣ ನನ್ನ ಮೇಲಿದೆ.

ಕೋಟೆಯ ಕಡೆ ಹೊರಟರೆ ಮಾತ್ರ ಅತ್ತೆ ಬೇರೆಯೇ ಹೆಂಗಸಾಗುತ್ತಿದ್ದಳು. ಬಾಗಿಲ ಬಳಿ ಊರಿನ ಇತಿಹಾಸ ಬರೆದ ಬೋರ್ಡು ಇರುತ್ತದಲ್ಲ, ಅದರ ಮುಂದೆ ನಿಲ್ಲಿಸಿ, “ಓದಿ ಹೇಳೇ, ಕನ್ನಡಕ ಮನೇಲೇ ಉಳೀತು,” ಎನ್ನುತ್ತಿದ್ದಳು. ಲೈಬ್ರರಿಯಲ್ಲಿ ಈಗಷ್ಟೇ ಅವಳ ಮೂಗಿನ ಮೇಲಿದ್ದ ಕನ್ನಡಕ ಕೋಟೆಗೆ ಬರುವಷ್ಟರಲ್ಲಿ ಹೇಗೆ ಮನೆಗೆ ಹೋಗುತ್ತಿತ್ತೋ ದೇವರೇ ಬಲ್ಲ. ನಾನು ತುಟಿಯಾಡಿಸಿದರೆ ತಲೆ ಅಲ್ಲಾಡಿಸಿಬಿಡುವಳು.

“ಒಳಗೆ ಕದ್ದು ಮಾತಾಡಿದ್ದು ಸಾಕು. ಇಲ್ಲಿ ದನಿ ಹಾಕಿ ಹೇಳು.”

“ಮಾ... ಮಾತು ನಿನಗೆ ಕೇಳಲ್ವಲ್ಲ!”

“ನನಗೆ ಕೇಳದಿದ್ರೆ ಗೋಡೆಗೆ ಕೇಳುತ್ತೆ. ಎಷ್ಟು ಜನದ್ದು ಕೇಳಿದೆಯೋ ಅದು. ನಿನ್ನದೂ ಕೇಳಲಿ.”

ಕೋಟೆ ಕಟ್ಟಿದವರಿಗೆ ನನ್ನ ಮೇಲೆ ಏನು ಹಗೆಯಿತ್ತೋ. ಬುರುಜು, ಬಾವಿ, ಮಹಾದ್ವಾರ, ಪಹರೆಯ ಕೋಣೆ, ಒಂದೊಂದು ಸಾಲಿನಲ್ಲೂ ನನ್ನ ಶತ್ರು ಅಕ್ಷರಗಳೇ. ‘ಬು’ ಎಂಬಲ್ಲಿ ತುಟಿ ಮುಚ್ಚಿಕೊಂಡು, ಕತ್ತು ಬಿಗಿದು, ಕಣ್ಣಲ್ಲಿ ನೀರು ಬರುತ್ತಿತ್ತು. ಮನೆಯಲ್ಲಾಗಿದ್ದರೆ ಅಮ್ಮ “ನಿಧಾನಕ್ಕೆ ಹೇಳಮ್ಮ” ಎನ್ನುತ್ತಿದ್ದಳು, ಅಪ್ಪ ಆ ಪದವನ್ನು ತಾನೇ ಮುಗಿಸುತ್ತಿದ್ದ. ಪ್ರೀತಿಯಿಂದಲೇ. ಅತ್ತೆ ಏನೂ ಮಾಡುತ್ತಿರಲಿಲ್ಲ. ನನ್ನ ತುಟಿಯನ್ನೇ ನೋಡುತ್ತ ನಿಂತಿರುತ್ತಿದ್ದಳು. ಬಸ್ಸಿಗೆ ಹೊತ್ತಾದರೂ ಅಷ್ಟೆ, ಕಾವಲುಗಾರ ಗೇಟು ಹಾಕಲು ಬಂದರೂ ಅಷ್ಟೆ.

ಒಮ್ಮೆ, ಗುಡ್ಡದ ಮೇಲಿನ ಕೋಟೆಯಲ್ಲಿ, ಹಿಂದೆ ನಿಂತಿದ್ದ ಯಾರೋ ಕಿಸಕ್ಕೆಂದು ನಕ್ಕರು. ನಾನು ಬೋರ್ಡು ಬಿಟ್ಟು ಕಾಲಿಗೆ ಬುದ್ಧಿ ಹೇಳಿದೆ. ಅತ್ತೆ ಏದುಸಿರು ಬಿಡುತ್ತ ಹುಡುಕಿಕೊಂಡು ಬಂದು ನನ್ನ ಪಕ್ಕದ ಕಲ್ಲಿನ ಮೇಲೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಹೇಳಿದಳು:

“ಮಗ್ಗದಲ್ಲಿ ನೂಲು ಕಡೀತದೆ. ಕಡಿದ್ರೆ ಮಗ್ಗ ನಿಲ್ಲಿಸ್ತೀವಿ, ಗಂಟು ಹಾಕ್ತೀವಿ, ಮತ್ತೆ ಓಡಿಸ್ತೀವಿ. ಕಡಿದ ನೂಲನ್ನ ಯಾರೂ ಬೈಯಲ್ಲ ಕಣೇ. ಕಡೀದೇ ಇರೋ ನೂಲು ಯಾವ ಗಿರಣೀಲೂ ಇಲ್ಲ.”

ನನ್ನ ತೊದಲಿನ ಬಗ್ಗೆ ಅವಳು ಬಾಯಿಬಿಟ್ಟು ಆಡಿದ ಮಾತು ಇದೊಂದೇ. ಎದ್ದು ಹೋಗಿ ಬೋರ್ಡಿನ ಉಳಿದ ಭಾಗ ಓದಿ ಮುಗಿಸಿದೆವು.

ಬೋರ್ಡು ಮುಗಿದ ಮೇಲೆ ಅವಳ ಸರದಿ. ಯಾವ ರಾಜ, ಯಾವ ಯುದ್ಧ, ಅದೆಲ್ಲ ಅವಳ ತಲೆಗೆ ಹೋಗುತ್ತಿರಲಿಲ್ಲ. ಗೈಡು ಸಿಕ್ಕಿದರೆ ಅವಳದು ಒಂದೇ ಪ್ರಶ್ನೆ: “ಇಷ್ಟು ಜನ ಕೆಲಸ ಮಾಡಿದಾರಲ್ಲಪ್ಪ, ಕುಡಿಯೋ ನೀರು ಎಲ್ಲಿಟ್ಟಿದ್ರು?” ಪಾಪ, ಕೆಲವರು ತಲೆ ಕೆರೆದುಕೊಳ್ಳುವರು, ಕೆಲವರು ಉತ್ಸಾಹದಿಂದ ಕರೆದೊಯ್ದು ತೋರಿಸುವರು. ತೋರಿಸಿದರೆ ಅಲ್ಲಿ ಕೂತು, ನಮ್ಮ ಬಾಟಲಿಯ ನೀರು ಕುಡಿದು, ಆಮೇಲೆ ಬಸ್‌ಸ್ಟ್ಯಾಂಡ್. ಆ ಗೈಡುಗಳನ್ನು ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಜನರನ್ನು ಹಿಂದೆ ಕಟ್ಟಿಕೊಂಡು, ಕೈ ಚಾಚಿ, ಹಾಳು ಗೋಡೆಯೊಂದನ್ನು ಬರೀ ಮಾತಿನಿಂದ ಎಬ್ಬಿಸಿ ನಿಲ್ಲಿಸುತ್ತಿದ್ದರಲ್ಲ! ಅಂಥ ಕೆಲಸ ನನಗೆ ಸಿಕ್ಕರೆ ಎಂದು ಆಸೆಯಾಗುತ್ತಿತ್ತು. ಯಾರಿಗೂ ಹೇಳಲಿಲ್ಲ. ಕುಂಟನಿಗೆ ಕುಣಿಯುವ ಆಸೆ ಎಂದಾರು.

ಓದು ಮುಗಿಸಿ ನಾನು ಜೆರಾಕ್ಸ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಯಂತ್ರವೇ ಮಾತಾಡುತ್ತದೆ, ನಾನು ಆಡಬೇಕಿಲ್ಲ. ಅತ್ತೆಗೆ ಈಗ ಗುಡುಗೂ ಕೇಳಿಸುತ್ತಿರಲಿಲ್ಲ. ಆದರೂ ರಜೆಯ ದಿನ ತಿರುಗಾಟ ನಿಲ್ಲಲಿಲ್ಲ. ಹಾಗೆ ಒಂದು ಬೆಳಿಗ್ಗೆ ಗಾಜಿನ ಗೋಡೆಯ ಲೈಬ್ರರಿಯಲ್ಲಿ ಅತ್ತೆ ಪತ್ರಿಕೆ ನೋಡುತ್ತಿದ್ದವಳು ಕಿಟಾರನೆ ಕಿರುಚಿದಳು. ಗ್ರಂಥಪಾಲಕರು ಓಡಿ ಬಂದರು.

ನಮ್ಮೂರಿನ ಗಿರಣಿಯ ಫೋಟೊ ಬಂದಿತ್ತು. ನೇಯ್ಗೆ ಶೆಡ್ಡನ್ನು ಪಾರಂಪರಿಕ ಕಟ್ಟಡವೆಂದು ಉಳಿಸಿ ಮ್ಯೂಸಿಯಂ ಮಾಡಿದ್ದರು. ಕೆಲವು ಮಗ್ಗಗಳನ್ನು ರಿಪೇರಿ ಮಾಡಿ ಓಡಿಸಿ ತೋರಿಸುತ್ತಾರಂತೆ. ಗೈಡುಗಳು ಬೇಕಾಗಿದ್ದಾರಂತೆ.

“ಅಯ್ಯೋ ನೋಡೇ! ಇಷ್ಟು ವರ್ಷ ಹಳೇದನ್ನ ನೋಡೋಕೆ ನಾವು ಹೋಗ್ತಿದ್ವಿ. ಈಗ ನಮ್ಮನ್ನೇ ನೋಡೋಕೆ ಜನ ಬರ್ತಾರಂತೆ! ನನ್ನನ್ನೂ ಹಳೇ ಸಾಮಾನು ಮಾಡಿಬಿಟ್ರಲ್ಲ ಸ್ವಾಮಿ!” ಎಂದು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ದನಿಯಿಲ್ಲದೆ, ಒಂದೇ ಮಾತು: ‘ಅರ್ಜಿ ಹಾಕು.’

‘ಮಾತಾಡೋ ಕೆಲಸ. ನನಗಾ?’

‘ಗೈಡುಗಳ ಬಾಯನ್ನ ನೀನು ಹೇಗೆ ನೋಡ್ತಿದ್ದೆ ಅಂತ ನಾನು ನೋಡಿಲ್ವಾ?’

ಅವಳ ಕಣ್ಣಿಗೆ ಮಣ್ಣೆರಚುವುದು ಆಗದ ಮಾತು. ಮನೆಯಲ್ಲಿ ಅಪ್ಪ ಮುಖ ಸಣ್ಣದು ಮಾಡಿಕೊಂಡ. “ಬೇಡಮ್ಮ. ನಾಲ್ಕು ಜನದ ಮುಂದೆ ನಗೆಪಾಟಲಾಗೋದು ಯಾಕೆ? ಅಂಗಡಿ ಕೆಲಸಕ್ಕೇನಾಗಿದೆ?” ಎಂದ. ಅವನು ಹೆದರಿದ್ದು ನನಗಾಗಿ, ಸಿಟ್ಟು ಬರಲಿಲ್ಲ. ಅರ್ಜಿ ಹಾಕಿದೆ. ಇದರಲ್ಲಿ ಸೋತರೆ ಇನ್ನು ಯಾರೆದುರಿಗೂ ದನಿ ತೆಗೆಯುವುದಿಲ್ಲ, ತುಟಿಯಲ್ಲೇ ಬಾಳು ಕಳೆಯುತ್ತೇನೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡೆ. ಅತ್ತೆಗೂ ಇದನ್ನು ಹೇಳಲಿಲ್ಲ.

ಪರೀಕ್ಷೆ ಹೀಗೆ: ಅರ್ಜಿ ಹಾಕಿದ ಒಬ್ಬೊಬ್ಬರೂ ಒಂದು ಗುಂಪಿಗೆ ಶೆಡ್ಡನ್ನು ತೋರಿಸಬೇಕು, ಮ್ಯೂಸಿಯಂನ ಮುಖ್ಯಸ್ಥೆ ಜೊತೆಗೆ ನಡೆಯುತ್ತ ನೋಡುತ್ತಾರೆ. ಗುಂಪಿನಲ್ಲಿ ಊರಿನ ಕೆಲವರು, ಮತ್ತೆ ಗಿರಣಿಯಲ್ಲಿ ದುಡಿದ ಹಳಬರು. ಅತ್ತೆ ತನ್ನ ಇಬ್ಬರು ಗೆಳತಿಯರ ಜೊತೆ ಮದುವೆಗೆ ಬಂದವಳ ಹಾಗೆ ಸಿಂಗರಿಸಿಕೊಂಡು ಬಂದಿದ್ದಳು. ಮೂವರೂ ಕಿವುಡರು, ಮೂವರೂ ವಾಚಾಳಿಗಳು.

ನನಗಿಂತ ಮೊದಲು ಹೋದವನದು ರೇಡಿಯೊ ದನಿ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವನಿಗೆ ತೊಂದರೆಯಾದದ್ದು ಮಗ್ಗ ಓಡಿಸಿದಾಗ ಮಾತ್ರ. ಕತ್ತಿನ ನರ ಉಬ್ಬುವಂತೆ ಕೂಗಿದ, ಯಾರಿಗೂ ಒಂದಕ್ಷರ ಕೇಳಲಿಲ್ಲ. ಕೊನೆಗೆ ಮಗ್ಗ ನಿಲ್ಲುವವರೆಗೆ ಕೈಕಟ್ಟಿ ನಿಂತ. ಅದು ಅವನ ತಪ್ಪೇನಲ್ಲ.

ನನ್ನ ಸರದಿ ಬಂತು. ಬಾಗಿಲಲ್ಲಿ ನಿಂತು ‘ಬನ್ನಿ’ ಎನ್ನಬೇಕಿತ್ತು. ಬ. ತುಟಿ ಮುಚ್ಚಿತು. ಗುಂಪಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಖ್ಯಸ್ಥೆ ಕೈಲಿದ್ದ ಕಾಗದದತ್ತ ಕಣ್ಣಿಳಿಸಿದರು. ಕೊನೆಗೆ ಬನ್ನಿ ಹೊರಬಂದರೂ ಅಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಹೇಗೋ ಎರಡು ಮಾತು ಎಳೆದಾಡಿ ಶೆಡ್ಡಿನ ನಡುವಿಗೆ ಕರೆದೊಯ್ದೆ. ಅಲ್ಲಿದ್ದ ಕೆಲಸದವನು ಸ್ವಿಚ್ಚು ಒತ್ತಿದ.

ಮಗ್ಗಗಳು ಹೊರಟವು. ಅಷ್ಟು ಹತ್ತಿರದಿಂದ ಆ ಸದ್ದನ್ನು ನಾನು ಕೇಳಿದ್ದು ಅದೇ ಮೊದಲು. ನೆಲ ನಡುಗಿತು, ಹಲ್ಲು ನಡುಗಿತು. ಪಕ್ಕದವರ ಕೆಮ್ಮೂ ಕೇಳದು. ಎದುರಿಗೆ ಅತ್ತೆ ನಿಂತಿದ್ದಳು, ನನ್ನ ತುಟಿಯ ಮೇಲೆ ಕಣ್ಣಿಟ್ಟು. ನನಗೆ ಯೋಚನೆ ಮಾಡಲು ಪುರುಸೊತ್ತೇ ಇರಲಿಲ್ಲ, ತುಟಿ ತಾನಾಗಿಯೇ ಹೊರಟಿತು.

‘ಬನ್ನಿ, ಬನ್ನಿ. ಪಾಳಿ ಶುರುವಾಯ್ತು. ಮೇಸ್ತ್ರಿ ಮೀಸೆ ತಿರುವ್ತಾ ಇದಾನೆ, ಬೇಗ ಬನ್ನಿ!’

ಮೂವರು ಮುದುಕಿಯರ ಮುಖ ಅರಳಿತು. ಒಬ್ಬಳು ಶೆಡ್ಡಿನ ಆ ತುದಿಗೇ ನಡೆದುಹೋಗಿ ಅಲ್ಲಿಂದ ತುಟಿಯಾಡಿಸಿದಳು: ‘ಮೀಸೆಗೆ ಬಣ್ಣ ಹಚ್ಚಿದಾನೆ ನೋಡು!’ ಇನ್ನೊಬ್ಬಳು ಈ ತುದಿಯಿಂದ ಉತ್ತರ ಕೊಟ್ಟಳು. ಅತ್ತೆ ನಡುವೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಗುಂಪಿಗೆ ಕೈಸನ್ನೆಯಲ್ಲಿ ತೋರಿಸಿದೆ: ತುಟಿ ನೋಡಿ, ಕಣ್ಣಿಂದ ಕೇಳಿ. ಮುಖ್ಯಸ್ಥೆಯ ಎದುರಿಗೆ ನಿಂತು ದೊಡ್ಡದಾಗಿ ‘ಊಟ ಆಯ್ತಾ?’ ಎಂದೆ. ಅವರು ಒಂದು ಗಳಿಗೆ ತಬ್ಬಿಬ್ಬಾಗಿ, ಆಮೇಲೆ ಮಗುವಿನ ಹಾಗೆ ಬಾಯಿ ತೆರೆದು ‘ಇನ್ನೂ ಇಲ್ಲ’ ಎಂದರು. ಸುತ್ತ ನಿಂತವರೆಲ್ಲ ಒಬ್ಬರಿಗೊಬ್ಬರು ತುಟಿಯಾಡಿಸತೊಡಗಿದರು. ಅಷ್ಟು ಸದ್ದಿನಲ್ಲಿ ಇಡೀ ಶೆಡ್ಡು ಮಾತಾಡುತ್ತಿತ್ತು. ನಾನು ಮಾತಾಡುತ್ತಿದ್ದೆ. ಎಲ್ಲಿಯೂ ತಡೆಯಿರಲಿಲ್ಲ.

ಆಗ ಮಗ್ಗಗಳು ನಿಂತವು.

ಎಲ್ಲರೂ ನನ್ನತ್ತ ತಿರುಗಿದರು. ಇನ್ನು ದನಿ ಬೇಕು. ನಾನು ಹೇಳಬೇಕಿದ್ದ ಪದ ಮಗ್ಗ. ಮ. ತುಟಿ ಮುಚ್ಚಿತು. ಕತ್ತು ಬಿಗಿಯಿತು. ಯಾರೋ ನೆಲಕ್ಕೆ ಕಾಲು ಉಜ್ಜಿದ ಸದ್ದು ಕೇಳಿತು. ಮುಗಿಯಿತು ನನ್ನ ಕಥೆ ಎಂದುಕೊಂಡು ಅತ್ತೆಯ ಕಡೆ ನೋಡಿದೆ.

ಅವಳ ಮುಖದಲ್ಲಿ ಏನೂ ಬದಲಾಗಿರಲಿಲ್ಲ. ಮಗ್ಗ ಓಡಿದರೂ ನಿಂತರೂ ಅವಳಿಗೆ ಒಂದೇ. ಈ ಭಯಂಕರ ನಿಶ್ಶಬ್ದ ಅವಳ ಪಾಲಿಗೆ ಇರಲೇ ಇಲ್ಲ. ಕೋಟೆಯ ಬೋರ್ಡಿನ ಮುಂದೆ ನಿಂತಿರುತ್ತಿದ್ದ ಹಾಗೆಯೇ, ಯಾವ ಅವಸರವೂ ಇಲ್ಲದೆ, ನನ್ನ ತುಟಿಯನ್ನು ನೋಡುತ್ತ ನಿಂತಿದ್ದಳು. ಅವಳನ್ನು ನೋಡುತ್ತ ನನಗೂ ಆ ಗುಂಪು ಮರೆತುಹೋಯಿತು. ಕಡಿದಿದೆ, ಗಂಟು ಹಾಕಬೇಕು, ಅಷ್ಟೇ ತಾ‍ನೆ.

“ಮ... ಮಗ್ಗದ ಪಕ್ಕದಲ್ಲಿ ಈ ಕಲ್ಲು ನೋಡಿ,” ಎಂದೆ. “ಕುಡಿಯೋ ನೀರು ಇಡ್ತಿದ್ದದ್ದು ಇಲ್ಲಿ.”

ಅತ್ತೆ ಗಿರಣಿಯ ಕಥೆ ಹೇಳುವಾಗ ಗುರುತು ಕೊಟ್ಟಿದ್ದ ಜಾಗ ಅದು. ಆಮೇಲೆಯೂ ಬಹಳ ಸಲ ನಿಂತೆ. ಪ್ರತಿ ಸಲವೂ ಅವಳ ಮುಖ ನೋಡಿ, ಗಂಟು ಹಾಕಿ, ಮುಂದೆ ಹೋದೆ. ಕೊನೆಗೆ ಮುಖ್ಯಸ್ಥೆ ನನ್ನನ್ನು ಪಕ್ಕಕ್ಕೆ ಕರೆದು, “ಮಾತು ನಿಂತಾಗ ಭಯ ಆಗಲ್ವಾ?” ಎಂದು ಕೇಳಿದರು.

“ಆಗುತ್ತೆ ಮ... ಮೇಡಂ. ಆದ್ರೆ ಕಡೀದೇ ಇರೋ ನೂಲು ಯಾವ ಗಿರಣೀಲೂ ಇಲ್ವಂತೆ.”

ಅವರು ನಕ್ಕರು. ಆಮೇಲೆ, ದನಿ ತೆಗೆಯದೆ, ತುಟಿಯಲ್ಲೇ ಹೇಳಿದರು: ‘ಸೋಮವಾರದಿಂದ ಬಾಮ್ಮ.’

ಅವರ ಬೆನ್ನ ಹಿಂದೆ, ದೂರದ ಗೋಡೆಯ ಹತ್ತಿರವಿದ್ದ ಅತ್ತೆಗೆ ಇದು ಕಾಣುವಂತಿರಲಿಲ್ಲ. ನನ್ನ ಮುಖ ನೋಡಿಯೇ ಗೊತ್ತುಮಾಡಿಕೊಂಡು ಗೆಳತಿಯರನ್ನು ತಬ್ಬಿಕೊಂಡಳು.

ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಅವಳದು. ಹಗುರವಾಗಿದ್ದೆ ನಾನು. ಇಷ್ಟು ವರ್ಷ ಕೇಳಬೇಕೆಂದುಕೊಂಡು ಕೇಳದಿದ್ದುದನ್ನು ಆಗ ತುಟಿಯಲ್ಲಿ ಕೇಳಿದೆ.

‘ಅತ್ತೆ, ನಾನು ಒಂದೊಂದು ಪದಕ್ಕೂ ನಿಂತಾಗ ನಿನಗೆ ಬೇಜಾರಾಗ್ತಿರಲಿಲ್ವಾ?’

“ಬೇಜಾರಾ?” ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿತ್ತು ಅವಳ ದನಿ. “ಅಲ್ಲ ಕಣೇ, ಎಲ್ಲರೂ ಒಂದು ಮಾತು ಅಂದು ಮುಖ ತಿರುಗಿಸ್ಕೊಂಡು ಹೊರಟುಹೋಗ್ತಾರೆ. ನಿಮ್ಮಪ್ಪ, ನಿಮ್ಮಮ್ಮ, ಎಲ್ಲರೂ. ಮುಖ ತಿರುಗ್ತು ಅಂದ್ರೆ ನನ್ನ ಪಾಲಿಗೆ ಅವರ ಮಾತು ಅಲ್ಲಿಗೆ ಮುಗೀತು. ನೀನೊಬ್ಬಳು, ಮಾತು ಬರೋವರೆಗೂ ನನ್ನ ಮುಖಾನೇ ನೋಡ್ಕೊಂಡು ನಿಂತಿರ್ತಿದ್ದೆ. ಅಷ್ಟು ಹೊತ್ತು ನನ್ನ ಮುಂದೆ ಇನ್ಯಾರು ನಿಂತಿದಾರೆ ಹೇಳು?”

ನನಗೆ ದುಃಖ ಒತ್ತರಿಸಿ ಬಂತು, ಸುಖವೂ ಅದರ ಜೊತೆಗೇ ಇತ್ತು. ಇಷ್ಟು ವರ್ಷ ಅವಳು ನನಗಾಗಿ ಕಾಯುತ್ತಿದ್ದಾಳೆ ಎಂದುಕೊಂಡಿದ್ದೆ.

ಪುಣ್ಯ ಮಾಡಿದ್ದೆ ಅತ್ತೆ, ನಿನ್ನ ಸೊಸೆಯಾಗಿ ಹುಟ್ಟೋಕೆ, ಎಂದು ಹೇಳಬೇಕಿತ್ತು. ತುಟಿಯಲ್ಲಿ ಹೇಳಿದ್ದರೆ ಸಲೀಸಾಗಿ ಬರುತ್ತಿತ್ತು. ಅವಳಿಗೆ ಹೇಗಿದ್ದರೂ ಒಂದೇ. ಆದರೆ ಅದನ್ನು ದನಿಯಲ್ಲೇ ಹೇಳಬೇಕೆನಿಸಿತು. ಬಾಯಿ ತೆರೆದೆ. ಪ. ತುಟಿ ಮುಚ್ಚಿತು.

ಕಂಡಕ್ಟರ್ ನಮ್ಮ ಸ್ಟಾಪಿನ ಹೆಸರು ಕೂಗಿದ. ಬಸ್ಸು ನಿಂತಿತು, ಜನ ಇಳಿದರು, ಮತ್ತೆ ಹೊರಟಿತು. ನಮ್ಮ ಓಣಿ, ನಮ್ಮ ಮನೆಯ ದೀಪ ಕಿಟಕಿಯಲ್ಲಿ ಹಿಂದೆ ಸರಿದವು. ಅತ್ತೆ ಅತ್ತ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು.